ಕೌಂಟರಿನ ಹುಡುಗನಿಗೆ ಒಂದು ಬ್ರೆಡ್ಡಿನಷ್ಟು ಅಧಿಕಾರ ಕೊಡಿ: ಸ್ಯಾಂಡ್‌ವಿಚ್ ಅಂಗಡಿಯ ಮಾಲೀಕರಿಗೆ ಬಹಿರಂಗ ಪತ್ರ

ಇವರಿಗೆ,
ಮಾಲೀಕರು ಮತ್ತು ಅವರ ಮೇಲಿನ ಕಂಪನಿಯ ಅಧಿಕಾರಿಗಳು,
ಮೈಸೂರಿನ ಒಂದು ಸ್ಯಾಂಡ್‌ವಿಚ್ ಅಂಗಡಿ.

ಮಾನ್ಯರೇ,

ಈ ಪತ್ರವನ್ನು ಲಕೋಟೆಗೆ ಹಾಕಿ, ಸ್ವೀಕೃತಿ ಚೀಟಿಯ ಸಮೇತ ನೇರವಾಗಿ ನಿಮಗೇ ಕಳುಹಿಸಬೇಕೆಂದಿದ್ದೆ. ಅಂಚೆ ಕಚೇರಿಯ ಕೌಂಟರಿನಲ್ಲೇ ತಲೆ ನರೆತವಳಿಗೆ ಬೇರೆ ದಾರಿ ಬೇಗ ಹೊಳೆಯುವುದಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದ್ದರೂ ನನ್ನ ಬಾಯಲ್ಲಿ ಇನ್ನೂ ‘ರಿಜಿಸ್ಟರ್ ಮಾಡಿಸುತ್ತೇನೆ’ ಎಂದೇ ಬರುತ್ತದೆ. ಆದರೆ ಯಾರ ಹೆಸರಿಗೆ ಮಾಡಿಸುವುದು? ನಿಮ್ಮ ಅಂಗಡಿಯ ಗೋಡೆಯ ಮೇಲೆ ಮಾಲೀಕರ ಹೆಸರು ಎಲ್ಲಿಯೂ ಕಾಣಲಿಲ್ಲ. ಅಂಗಡಿಯ ವಿಳಾಸಕ್ಕೇ ಕಳುಹಿಸಿದರೆ ಸಹಿ ಹಾಕಿ ಪಡೆದುಕೊಳ್ಳುವವನು ಕೌಂಟರಿನ ಹುಡುಗ. ಅವನು ಮಾಡಿದ ಕೆಲಸದ ಬಗ್ಗೆಯೇ ಬರೆದ ಪತ್ರವನ್ನು ಅವನ ಕೈಗೇ ಕೊಟ್ಟು, ‘ನಿನ್ನ ಯಜಮಾನರಿಗೆ ತಲುಪಿಸಪ್ಪ’ ಎನ್ನುವುದು ನ್ಯಾಯವಲ್ಲ. ಕಂಪನಿಯ ಆ್ಯಪ್‌ನಲ್ಲಿ ದೂರು ಬರೆದದ್ದಕ್ಕೆ ಎಂಥ ಉತ್ತರ ಸಿಕ್ಕಿತು ಎಂಬುದನ್ನು ಮುಂದೆ ಹೇಳುತ್ತೇನೆ. ಹೀಗಾಗಿ ಊರಿಗೆಲ್ಲ ಕೇಳಿಸುವಂತೆ ಬರೆಯಬೇಕಾಯಿತು.

ಅಂಗಡಿಯ ಹೆಸರನ್ನೂ ಅದಿರುವ ರಸ್ತೆಯನ್ನೂ ಬೇಕೆಂದೇ ಬರೆದಿಲ್ಲ. ಬರೆದರೆ ಮಾರನೆಯ ದಿನ ಕೆಲಸ ಕಳೆದುಕೊಳ್ಳುವವರು ನೀವಲ್ಲ. ಓದಿದ ಕೂಡಲೇ ಇದು ನಮ್ಮದೇ ಅಂಗಡಿ ಎಂದು ನಿಮಗೆ ತಿಳಿಯುತ್ತದೆ. ಬೇರೆ ಅಂಗಡಿಗಳ ಮಾಲೀಕರಿಗೂ ಇದು ತಮ್ಮದೇ ಎಂದು ಅನ್ನಿಸಿದರೆ, ಪತ್ರ ಅವರಿಗೂ ಸಲ್ಲಲಿ.

ಒಂದು ಭಾನುವಾರ ಸಂಜೆ ನಾವು ಮೂವರು ನಿಮ್ಮಲ್ಲಿಗೆ ಬಂದೆವು: ನಾನು, ಶಾಲೆಗೆ ಹೋಗುವ ನನ್ನ ಮೊಮ್ಮಗಳು, ಮತ್ತು ಇಲಾಖೆಯಲ್ಲಿ ನನ್ನ ಜೊತೆಗಿದ್ದ ಹಿರಿಯ ಗೆಳತಿ. ಕರೆತಂದವಳು ಮೊಮ್ಮಗಳು. ಗೆಳತಿ ಮಾಂಸ ತಿನ್ನುವವರಲ್ಲ, ಈರುಳ್ಳಿಯನ್ನೂ ಮುಟ್ಟುವವರಲ್ಲ. ಜೊತೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಲೇಬೇಕು. ಮೊಮ್ಮಗಳಿಗೆ ಚಿಕನ್ ಬೇಕಿತ್ತು. ನಾನು ಏನು ಕೊಟ್ಟರೂ ತಿನ್ನುವವಳು.

ನಿಮ್ಮ ಅಂಗಡಿಯ ಕ್ರಮ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಇಲ್ಲಿ ‘ಒಂದು ಮಸಾಲೆ ದೋಸೆ’ ಎಂದು ಹೇಳಿ ಹೋಗಿ ಕುಳಿತರೆ ಆಗದು. ಗಾಜಿನ ಈಚೆ ಸಾಲಿನಲ್ಲಿ ನಿಂತು, ಬ್ರೆಡ್ ಯಾವುದು, ಆರು ಇಂಚೋ ಹನ್ನೆರಡು ಇಂಚೋ, ಒಳಗೆ ಪನೀರೋ ಚಿಕನ್ನೋ, ಚೀಸ್ ಯಾವುದು, ಬಿಸಿ ಮಾಡಬೇಕೋ ಬೇಡವೋ, ಯಾವ ಯಾವ ತರಕಾರಿ, ಯಾವ ಸಾಸ್ ಎಂದು ಒಂದೊಂದನ್ನೇ ಹೇಳುತ್ತಾ ಪಕ್ಕಕ್ಕೆ ಸರಿಯಬೇಕು. ಸಾಲಿನ ಕೊನೆಯಲ್ಲಿ ಹಣ ಕೊಡಬೇಕು. ಕ್ರಮ ಕೆಟ್ಟದ್ದಲ್ಲ. ತಿನ್ನುವುದು ಕಣ್ಣೆದುರಿಗೇ ತಯಾರಾಗುತ್ತದೆ, ಬೇಡವಾದದ್ದನ್ನು ಬೇಡ ಎನ್ನಬಹುದು. ಈರುಳ್ಳಿ ತಿನ್ನದವರಿಗೆ ಇಷ್ಟು ಅನುಕೂಲ ಎಷ್ಟು ಹೋಟೆಲುಗಳಲ್ಲಿದೆ? ಆದರೆ ಈ ಕ್ರಮ ನಡೆಯಬೇಕಾದರೆ ಆಚೆ ನಿಂತವನಿಗೆ ಕೇಳಿಸಿಕೊಳ್ಳುವ ವ್ಯವಧಾನ ಇರಬೇಕು, ಈಚೆ ನಿಂತವರಿಗೆ ಅವನ ಮಾತು ತಿಳಿಯಬೇಕು. ಆ ಸಂಜೆ ಎರಡೂ ಇರಲಿಲ್ಲ.

ಕೌಂಟರಿನಲ್ಲಿದ್ದವನು ಒಬ್ಬನೇ ಹುಡುಗ. ಬ್ರೆಡ್ ಕೊಯ್ಯುವವನು, ತರಕಾರಿ ತುಂಬುವವನು, ಬಿಲ್ ಮಾಡುವವನು, ನಡುವೆ ಓಡಿಹೋಗಿ ಮೇಜು ಒರೆಸಿ ಬರುವವನು, ಎಲ್ಲ ಅವನೇ. ಪಕ್ಕದಲ್ಲಿದ್ದ ಟ್ಯಾಬ್ಲೆಟ್ ಕೂಗಿದಾಗಲೆಲ್ಲ ಮನೆಗೆ ತರಿಸಿಕೊಳ್ಳುವವರ ಆರ್ಡರನ್ನು ಒಪ್ಪಿಕೊಳ್ಳುವವನೂ ಅವನೇ. ಸಾಲಿನಲ್ಲಿ ನಮ್ಮ ಮುಂದೆಯೂ ಹಿಂದೆಯೂ ಸಾಕಷ್ಟು ಜನರಿದ್ದರು.

ಅವನು ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ಅದೂ ಬಾಯಿಪಾಠ ಒಪ್ಪಿಸುವವನಂತೆ, ತಲೆ ಎತ್ತದೆ, ಒಂದೇ ಉಸಿರಿನಲ್ಲಿ. ನನ್ನ ಗೆಳತಿ ಇಂಗ್ಲಿಷ್ ಬಾರದವರೇನಲ್ಲ. ಇಲಾಖೆಯ ಸುತ್ತೋಲೆಗಳನ್ನು ಓದಿ ಅರಗಿಸಿಕೊಂಡವರು. ಆದರೆ ಗಾಜಿನ ಆಚೆಯಿಂದ, ಫ್ರಿಜ್ಜಿನ ಸದ್ದಿನ ನಡುವೆ ಹಾಲಪೀನೊ, ಚಿಪೋಟ್ಲೆ ಎಂದು ತೇಲಿಬಂದ ಹೆಸರುಗಳಿಗೆ ಅವರು ಏನೆಂದಾರು? ಎರಡು ಸಲ ‘ಏನಪ್ಪ?’ ಎಂದು ಕೇಳಿದರು. ಮೂರನೆಯ ಸಲ ಕೇಳುವುದಕ್ಕೆ ಸಂಕೋಚವಾಗಿ ‘ಹೂಂ’ ಎಂದರು. ಆಮೇಲೆ ಎಲ್ಲದಕ್ಕೂ ‘ಹೂಂ’ ಎಂದರು. ಒಂದನ್ನು ಮಾತ್ರ ಸ್ಪಷ್ಟವಾಗಿ, ಕೈಸನ್ನೆಯ ಸಮೇತ ಹೇಳಿದರು: ಈರುಳ್ಳಿ ಬೇಡ.

ಆ ‘ಹೂಂ’ಗಳಿಗೆ ಬೆಲೆಯಿತ್ತು. ಹಣ ಕೊಡುವಾಗ ನೋಡಿದರೆ ಹೆಚ್ಚುವರಿ ಚೀಸ್ ಸೇರಿತ್ತು, ಒಂದು ತಂಪು ಪಾನೀಯ ಸೇರಿತ್ತು, ಒಂದು ಕುಕಿ ಸೇರಿತ್ತು. ಸಕ್ಕರೆ ಕಾಯಿಲೆಯವರಿಗೆ ಕೋಲಾ ಮತ್ತು ಕುಕಿ! ಕೊನೆಯ ಸಾಲಿನಲ್ಲಿ, ಯಾರೂ ಕೇಳದ, ಯಾರೂ ಒಪ್ಪದ ಐದು ರೂಪಾಯಿಯ ದಾನವೂ ಇತ್ತು. ದಾನ ಕೊಡುವುದಕ್ಕೆ ನನಗೆ ಆಕ್ಷೇಪಣೆಯಿಲ್ಲ. ಆದರೆ ನನ್ನ ಕೈಯಿಂದ ಹೋಗುವ ದಾನವನ್ನು ನಿಮ್ಮ ಕಂಪ್ಯೂಟರ್ ನಿರ್ಧರಿಸುವುದು ಯಾವ ಪುಣ್ಯಕ್ಕೆ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಆನ್‌ಲೈನ್ ವ್ಯಾಪಾರದಲ್ಲಿ ಗ್ರಾಹಕರ ಕಣ್ಣು ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿದೆ. ಒಪ್ಪಿಗೆ ಪಡೆಯದೆ ಬುಟ್ಟಿಗೆ ಬೇರೆ ಸರಕನ್ನೋ ದಾನದ ಹಣವನ್ನೋ ಸೇರಿಸುವುದು ಅವುಗಳಲ್ಲೊಂದು. ವೆಬ್‌ಸೈಟಿನಲ್ಲಿ ಮಾಡಿದರೆ ತಪ್ಪಾಗುವುದು ಕೌಂಟರಿನ ಮೇಲೆ ಮಾಡಿದರೆ ಸರಿಯಾಗಿಬಿಡುತ್ತದೆಯೇ?

ಇನ್ನು ಕೈಗವಸಿನ ವಿಷಯ. ಹುಡುಗ ಮೊಮ್ಮಗಳಿಗೆ ಚಿಕನ್ ತುಂಬಿದ ಕೈಯಲ್ಲೇ ಗೆಳತಿಯ ಪನೀರಿಗೆ ಕೈ ಹಾಕಲು ಹೊರಟ. ನಾನು ತಡೆದು, ಕೈಗವಸು ಬದಲಿಸಿ, ಚಾಕುವನ್ನೂ ಬದಲಿಸಿ ಎಂದೆ. ಅವನು ನಿಟ್ಟುಸಿರು ಬಿಟ್ಟು ಬದಲಿಸಿದ. ಚಾಕು ಮಾತ್ರ ಅದೇ. ಬೇರೆ ಚಾಕು ಇಲ್ಲವಂತೆ. ಇದು ಮಡಿ ಮೈಲಿಗೆಯ ಮಾತಲ್ಲ. ಚಿಕನ್ ತಿನ್ನುವವಳು ನನ್ನ ಮನೆಯವಳೇ. ಸಸ್ಯಾಹಾರವನ್ನೂ ಮಾಂಸಾಹಾರವನ್ನೂ ಬೇರೆ ಬೇರೆಯಾಗಿ ಇರಿಸಬೇಕು ಎನ್ನುವುದು ಆಹಾರ ಸುರಕ್ಷತೆಯ ನಿಯಮ. ನಿಮ್ಮ ಫಲಕದಲ್ಲಿ ಹಸಿರು ಚುಕ್ಕೆ, ಕಂದು ತ್ರಿಕೋನಗಳನ್ನು ಮುದ್ದಾಗಿ ಅಚ್ಚು ಮಾಡಿಸಿದ್ದೀರಿ. ಒಂದೇ ಚಾಕು ಎರಡರ ಮೇಲೂ ಓಡಾಡಿದರೆ ಆ ಗುರುತುಗಳಿಂದ ಏನು ಪ್ರಯೋಜನ? ಒಂದು ಚಾಕುವಿಗೆ ಎಷ್ಟಾಗುತ್ತದೆ ಸ್ವಾಮಿ?

ಗೆಳತಿಯ ಬ್ರೆಡ್ಡಿಗೆ ಪನೀರ್ ತುಂಬಿ, ತರಕಾರಿ ಹಾಕಬೇಕು ಎನ್ನುವಷ್ಟರಲ್ಲಿ ಟ್ಯಾಬ್ಲೆಟ್ ಕೂಗಿತು. ಹುಡುಗ ಅರ್ಧ ಕಟ್ಟಿದ ಸ್ಯಾಂಡ್‌ವಿಚ್ಚನ್ನು ಪಕ್ಕಕ್ಕೆ ತಳ್ಳಿ ಆ ಆರ್ಡರನ್ನು ಹಿಡಿದ. ಅದು ಮುಗಿಯುವುದರೊಳಗೆ ಇನ್ನೊಂದು ಬಂತು, ಮತ್ತೊಂದು ಬಂತು. ಬಾಗಿಲಲ್ಲಿ ಹೆಲ್ಮೆಟ್ ಹಾಕಿಕೊಂಡ ಹುಡುಗರು ಮೊಬೈಲ್ ಚಾಚಿ ನಿಂತು ‘ಎಷ್ಟು ಹೊತ್ತು, ಅಣ್ಣ?’ ಎಂದು ಅವಸರಿಸುತ್ತಿದ್ದರು. ಅವರ ಮೇಲೂ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿದ್ದ ಗಡಿಯಾರವನ್ನು ಇನ್ನಾರೋ ಓಡಿಸುತ್ತಿದ್ದರು. ಆದರೆ ಕಣ್ಣಿಗೆ ಕಾಣುವ ಸಾಲು ಅಲ್ಲಾಡದೆ ನಿಂತಿತ್ತು, ಕಣ್ಣಿಗೆ ಕಾಣದ ಸಾಲು ಸರಸರನೆ ಮುಂದೆ ಹೋಗುತ್ತಿತ್ತು. ಮೊದಲು ಬಂದವರಿಗೆ ಮೊದಲು ಎಂಬುದನ್ನು ಹಬ್ಬದ ಹಿಂದಿನ ದಿನದ ನೂಕುನುಗ್ಗಲಿನಲ್ಲೂ ನಮ್ಮ ಅಂಚೆ ಕಚೇರಿಯಲ್ಲಿ ಬಿಟ್ಟುಕೊಟ್ಟವರಲ್ಲ. ನಿಮ್ಮಲ್ಲಿ ಕಾಲ ಮೇಲೆ ನಿಂತವರಿಗಿಂತ ಸೋಫಾದ ಮೇಲೆ ಕುಳಿತವರಿಗೆ ಸರದಿ ಮೊದಲು ಬರುತ್ತದೆ. ಅರ್ಧ ಗಂಟೆಯ ಹತ್ತಿರ ಕಾದ ಮೇಲೆ ಹುಡುಗ ಗೆಳತಿಯ ಬ್ರೆಡ್ಡಿಗೆ ಮರಳಿದ. ಅಷ್ಟರಲ್ಲಿ ಅವರು ಹೇಳಿದ್ದು ಅವನಿಗೆ ಮರೆತುಹೋಗಿತ್ತು. ಮೊಮ್ಮಗಳಿಗೆ ಕೈ ತೊಳೆಸಲು ನಾನು ಆ ಕಡೆ ಹೋಗಿದ್ದೆ. ಗೆಳತಿ ಕುರ್ಚಿ ಹುಡುಕಿಕೊಂಡು ಕುಳಿತಿದ್ದರು. ಈರುಳ್ಳಿ ಒಳಗೆ ಹೋದದ್ದು ಹೀಗೆ.

ಹಣ ಕೊಡುವಾಗ ಮೊಬೈಲ್ ಸಂಖ್ಯೆ ಕೇಳಿದ. ಬೇಡ ಎಂದೆ. ಸಂಖ್ಯೆ ಹಾಕದಿದ್ದರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ ಎಂದ. ಸಂಖ್ಯೆ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಿನಲ್ಲೇ ವ್ಯಾಪಾರಿಗಳಿಗೆ ಸೂಚಿಸಿದೆ. ಅದನ್ನು ಹೇಳಿದರೆ ಹುಡುಗನ ಮುಖದಲ್ಲಿ ದಣಿವು ಬಿಟ್ಟು ಬೇರೇನೂ ಕಾಣಲಿಲ್ಲ. ಹಿಂದೆ ಜನ ಕಾಯುತ್ತಿದ್ದರು, ಕೊಟ್ಟೆ. ಕಾಗದದ ಬಿಲ್ ಕೊಡಿ ಎಂದರೆ ಪ್ರಿಂಟರ್ ಕೆಟ್ಟಿದೆ, ವಾಟ್ಸ್‌ಆ್ಯಪ್‌ಗೆ ಬರುತ್ತದೆ ಎಂದ. ಬಂದದ್ದು ಒಂದು ಕೊಂಡಿ. ಕೆಲವು ದಿನಗಳ ನಂತರ ಒತ್ತಿದರೆ ಅದು ತೆರೆಯಲೇ ಇಲ್ಲ. ಆಹಾರ ಮಾರುವವರು ತಮ್ಮ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ನಮೂದಿಸಬೇಕೆಂಬ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಬಿಲ್ಲೇ ಮಾಯವಾದರೆ ಸಂಖ್ಯೆಯನ್ನು ಎಲ್ಲಿ ಹುಡುಕುವುದು? ನಿಮ್ಮ ರಿಯಾಯಿತಿಯ ಸಂದೇಶಗಳು ಮಾತ್ರ ನನ್ನ ಫೋನಿಗೆ ತಪ್ಪದೆ ಬರುತ್ತಿವೆ.

ಗೆಳತಿ ಒಂದು ತುತ್ತು ಕಚ್ಚಿ ಕೆಳಗಿಟ್ಟರು. ನಾನು ತಟ್ಟೆ ಹಿಡಿದು ಕೌಂಟರಿಗೆ ಹೋಗಿ, ಈರುಳ್ಳಿ ಬೇಡ ಎಂದಿದ್ದರು, ಬೇರೆ ಮಾಡಿಕೊಡಿ ಎಂದೆ. ‘ಬಿಲ್ ಆಗಿಹೋಗಿದೆ ಮೇಡಂ, ಆಗುವುದಿಲ್ಲ’ ಎಂದ. ಮ್ಯಾನೇಜರ್ ಎಲ್ಲಿ ಎಂದರೆ ಇನ್ನೊಂದು ಶಾಖೆಯಲ್ಲಿದ್ದಾರೆ ಎಂದ. ಫೋನ್ ಮಾಡಿಸಿದೆ. ಆ ಮಹನೀಯರು ಮೊದಲು ಹೇಳಿದ್ದು, ‘ಈರುಳ್ಳಿ ತೆಗೆದು ತಿನ್ನಬಹುದಲ್ಲ?’ ಎಂದು. ಆಮೇಲೆ, ‘ಆ್ಯಪ್‌ನಲ್ಲಿ ದೂರು ಹಾಕಿ’ ಎಂದು. ಆ ಮೇಲೆ ಫೋನ್ ಇಟ್ಟರು. ಗೆಳತಿ ತಮ್ಮ ಚೀಲದಲ್ಲಿದ್ದ ಎರಡು ಬಿಸ್ಕತ್ತು ತಿಂದು ನೀರು ಕುಡಿಯಲು ನೋಡಿದರು. ಕುಡಿಯುವ ನೀರು ಎಲ್ಲಿದೆ ಎಂದರೆ, ಮಾರಾಟದ ಬಾಟಲಿ ಬಿಟ್ಟು ಬೇರೆ ಇಲ್ಲ.

ಇದೇ ಹೊತ್ತಿನಲ್ಲಿ ಸಾಲಿನಲ್ಲಿದ್ದ ಒಬ್ಬರು ಹುಡುಗನ ಮೇಲೆ ಹರಿಹಾಯ್ದರು. ‘ಏಯ್, ನಿನಗೆ ಸಂಬಳ ಕೊಡುವುದು ನಿದ್ದೆ ಮಾಡುವುದಕ್ಕಾ?’ ಎಂದರು. ಇನ್ನೂ ಕೆಲವು ಮಾತುಗಳಿದ್ದವು, ಅವನ್ನು ಬರೆಯುವುದಿಲ್ಲ. ಹುಡುಗ ಬಾಯಿ ಬಿಡಲಿಲ್ಲ. ತಲೆ ತಗ್ಗಿಸಿ ಸೌತೆಕಾಯಿ ಜೋಡಿಸುತ್ತಲೇ ಇದ್ದ.

ಗದ್ದಲ ಇಳಿದ ಮೇಲೆ ನಾನು ಮತ್ತೆ ಹೋದೆ. ಜಗಳಕ್ಕಲ್ಲ. ಕನ್ನಡ ಬರುತ್ತದೋ ಇಲ್ಲವೋ ಎಂದು ಯೋಚಿಸದೆ, ಅಭ್ಯಾಸಬಲದಿಂದ, ‘ಏನಪ್ಪ, ಊಟ ಆಯಿತೇ?’ ಎಂದು ಕೇಳಿದೆ. ‘ಇಲ್ಲ ಆಂಟಿ, ಬೆಳಿಗ್ಗೆ ತಿಂದದ್ದು’ ಎಂದ, ನಮ್ಮ ನಿಮ್ಮ ಹಾಗೆಯೇ ಕನ್ನಡದಲ್ಲಿ. ಹೆಗ್ಗಡದೇವನಕೋಟೆಯ ಕಡೆಯ ಹುಡುಗ! ಮತ್ತೇಕೆ ಆಗಿನಿಂದ ಆ ಇಂಗ್ಲಿಷ್ ಎಂದರೆ, ಗ್ರಾಹಕರ ಜೊತೆ ಹಾಗೆಯೇ ಮಾತನಾಡಬೇಕೆಂದು ತರಬೇತಿಯಲ್ಲಿ ಕಲಿಸಿದ್ದಾರೆ, ಕೇಳುವ ಪ್ರಶ್ನೆಗಳ ಪಟ್ಟಿಯನ್ನೂ ಕೊಟ್ಟಿದ್ದಾರೆ ಎಂದ. ಪಾನೀಯ, ಕುಕಿ ಸೇರಿಸುವ ಪ್ರಶ್ನೆಯನ್ನು ಬಿಟ್ಟರೆ ಮೇಲಿನವರು ಬೈಯುತ್ತಾರಂತೆ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಕಾಯ್ದೆಯನ್ನು ನೀವು ಚೆನ್ನಾಗಿಯೇ ಪಾಲಿಸಿದ್ದೀರಿ. ಹೊರಗೆ ದೊಡ್ಡ ಕನ್ನಡ ಅಕ್ಷರಗಳು ಹೊಳೆಯುತ್ತಿವೆ. ಒಳಗೆ ಕನ್ನಡ ಬಲ್ಲ ಹುಡುಗ ಕನ್ನಡ ಬಲ್ಲ ಹೆಂಗಸಿನೊಡನೆ ಇಬ್ಬರಿಗೂ ತೊಡಕಾಗುವ ಭಾಷೆಯಲ್ಲಿ ಈರುಳ್ಳಿಯ ವ್ಯವಹಾರ ನಡೆಸುತ್ತಿದ್ದಾನೆ. ಇಂಥ ವ್ಯವಸ್ಥೆಯನ್ನು ಯೋಚಿಸಿದವರು ಯಾರೋ, ಅವರನ್ನು ಒಮ್ಮೆ ನೋಡಬೇಕೆನಿಸುತ್ತದೆ.

ಬೇರೆ ಮಾಡಿಕೊಡದಿದ್ದಕ್ಕೆ ಅವನು ಕೊಟ್ಟ ಕಾರಣವೇ ಈ ಪತ್ರ ಬರೆಸಿದ್ದು. ರಾತ್ರಿ ಅಂಗಡಿ ಮುಚ್ಚುವಾಗ ಬ್ರೆಡ್ಡಿನ ಲೆಕ್ಕ ಕೊಡಬೇಕಂತೆ. ಬೆಳಿಗ್ಗೆ ಎಷ್ಟಿತ್ತು, ಬಿಲ್ಲಿನಲ್ಲಿ ಎಷ್ಟು ಹೋಯಿತು, ಉಳಿದದ್ದೆಷ್ಟು. ತಾಳೆಯಾಗದಿದ್ದರೆ, ಕಡಿಮೆ ಬಿದ್ದ ಬ್ರೆಡ್ಡಿನ ಹಣ ಅವನ ಸಂಬಳದಲ್ಲಿ ಹೋಗುತ್ತದಂತೆ. ‘ನಿಮಗೆ ಇನ್ನೊಂದು ಮಾಡಿಕೊಟ್ಟರೆ ನನ್ನ ಕೈಯಿಂದ ಹೋಗುತ್ತದೆ ಆಂಟಿ’ ಎಂದ. ನೀವು ಮಾರುವ ಬೆಲೆಯಲ್ಲಿ ಒಂದು ಸ್ಯಾಂಡ್‌ವಿಚ್ ಎಂದರೆ ಅವನ ದಿನದ ದುಡಿಮೆಯಲ್ಲಿ ಎಷ್ಟು ಪಾಲು ಎಂಬ ಲೆಕ್ಕ ನಿಮಗೇ ಚೆನ್ನಾಗಿ ಗೊತ್ತು.

ಈ ಭಯ ನನಗೆ ಹೊಸದಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಸಂಜೆ ನಗದು ಕಡಿಮೆ ಬಿದ್ದರೆ ನಮ್ಮ ಕೈಯಿಂದಲೇ ತುಂಬಬೇಕಿತ್ತು. ನೋಟು ಎಣಿಸುವಾಗ ಬೆವರಿದ್ದು ನೆನಪಿದೆ. ಆದರೆ ಅದು ಹಣದ ಲೆಕ್ಕ. ಅರ್ಜಿಯಲ್ಲಿ ನಾವು ತಪ್ಪು ಬರೆದಿದ್ದರೆ ಇನ್ನೊಂದು ಅರ್ಜಿ ಕೊಡುವುದಕ್ಕೆ ಯಾರನ್ನೂ ಕೇಳಬೇಕಿರಲಿಲ್ಲ. ಅದರಾಚೆಯ ತೊಂದರೆಗೆ ಪೋಸ್ಟ್ ಮಾಸ್ತರರ ಕೋಣೆ ಅಲ್ಲೇ ಇತ್ತು, ದೂರಿನ ಪುಸ್ತಕ ದಾರ ಕಟ್ಟಿಕೊಂಡು ಅಲ್ಲೇ ತೂಗುತ್ತಿತ್ತು. ನಿಮ್ಮ ಹುಡುಗನ ಕೈಯಲ್ಲಿ ತಪ್ಪು ಮಾಡುವುದಕ್ಕೆ ಬೇಕಾದ ಅವಸರವೆಲ್ಲ ಇದೆ, ತಿದ್ದುವುದಕ್ಕೆ ಬೇಕಾದ ಒಂದು ಬ್ರೆಡ್ ಇಲ್ಲ. ಗ್ರಾಹಕರಿಗೆ ಒರಟಾಗಿ ಕಾಣುವುದು ಅವನ ಮುಖ. ಒರಟುತನ ಇರುವುದು ನಿಮ್ಮ ಲೆಕ್ಕದ ಪುಸ್ತಕದಲ್ಲಿ. ಕೆಲಸಗಾರನ ಮಾತನ್ನೂ ಕೇಳದೆ ನಷ್ಟದ ಹೆಸರಿನಲ್ಲಿ ಸಂಬಳ ಹಿಡಿಯಲು ಕಾನೂನು ಒಪ್ಪುವುದಿಲ್ಲ ಎಂಬುದನ್ನೂ ನೆನಪಿಸಬೇಕಾಗಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದುಡಿಮೆಯ ನಡುವೆ ವಿರಾಮ, ವಾರಕ್ಕೊಂದು ರಜೆ ಎಂದೆಲ್ಲ ಇದೆ. ಸಂಜೆಯವರೆಗೆ ಊಟವಿಲ್ಲದ ಹುಡುಗನಿಗೆ ಯಾವ ವಿರಾಮ ಸಿಕ್ಕಿತ್ತು?

ಮೈಸೂರಿನ ಹಳೆಯ ಹೋಟೆಲುಗಳನ್ನು ತೋರಿಸಿ ನಿಮ್ಮನ್ನು ಹಂಗಿಸುವ ಉದ್ದೇಶ ನನಗಿಲ್ಲ. ಅಲ್ಲಿಯೂ ತಿಂದು ಮುಗಿಸುವ ಮೊದಲೇ ಬಿಲ್ ತಂದಿಟ್ಟು ಎಬ್ಬಿಸುವವರನ್ನು ಕಂಡಿದ್ದೇನೆ. ಲೋಟದೊಳಗೆ ಬೆರಳದ್ದಿ ನೀರು ತರುವವರನ್ನೂ ಕಂಡಿದ್ದೇನೆ. ಹೋಟೆಲುಗಳಲ್ಲಿ ಮಕ್ಕಳನ್ನು ದುಡಿಸುವುದಕ್ಕೆ ಕಾನೂನಿನ ತಡೆ ಬಂದದ್ದೇ 2006ರ ಅಕ್ಟೋಬರ್ 10ರಿಂದ. ಅದಕ್ಕೂ ಹಿಂದಿನ ‘ಮಾಣಿ’ಗಳ ಬದುಕು ಹಂಬಲಿಸುವಂಥದ್ದೇನಲ್ಲ. ಆದರೂ ಒಂದು ವಿಷಯ ಹೇಳಲೇಬೇಕು. ಅಗ್ರಹಾರದ ಕಡೆಯೋ ಸರಸ್ವತಿಪುರಂನಲ್ಲೋ ಸಾಧಾರಣ ಹೋಟೆಲಿಗೆ ಹೋಗಿ, ವಡೆ ತಣ್ಣಗಿದೆ ಎಂದರೆ ಸಪ್ಲೈಯರ್ ಮರುಮಾತಾಡದೆ ತಟ್ಟೆ ಎತ್ತಿಕೊಂಡು ಹೋಗುತ್ತಾನೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರನ್ನು ಕೇಳುವುದಿಲ್ಲ. ಕೇಳಬೇಕಾದರೂ ಅವರು ಕೂಗಳತೆಯಲ್ಲಿದ್ದಾರೆ, ಅವರಿಗೊಂದು ಮುಖವಿದೆ, ಅವರೊಡನೆ ಜಗಳವಾಡಬಹುದು. ನಿಮ್ಮ ಅಂಗಡಿಯಲ್ಲಿ ಜಗಳವಾಡುವುದಕ್ಕೂ ಯಾರೂ ಇಲ್ಲ. ಇರುವವನಿಗೆ ಅಧಿಕಾರವಿಲ್ಲ, ಅಧಿಕಾರವಿರುವವರು ಇಲ್ಲ.

ಆ್ಯಪ್‌ನಲ್ಲಿ ದೂರು ಹಾಕಿದೆ ಎಂದೆನಲ್ಲ. ಮೊಮ್ಮಗಳ ಸಹಾಯದಿಂದ ಹಾಕಿದೆ. ಮೊದಲು ಯಂತ್ರವೊಂದು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ ನಾಲ್ಕು ಆಯ್ಕೆಗಳನ್ನು ಕೊಟ್ಟಿತು. ಅವುಗಳಲ್ಲಿ ಯಾವುದೂ ನಮ್ಮ ದೂರಲ್ಲ. ‘ಇತರೆ’ ಒತ್ತಿ ಬರೆದೆವು. ಮರುದಿನ ಬಂದ ಉತ್ತರದಲ್ಲಿ, ತೊಂದರೆಯಾದದ್ದಕ್ಕೆ ವಿಷಾದಿಸುತ್ತೇವೆ, ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಲಗತ್ತಿಸಿದ್ದೇವೆ ಎಂದಿತ್ತು. ಈರುಳ್ಳಿಯ ಮಾತಿಲ್ಲ, ಚಾಕುವಿನ ಮಾತಿಲ್ಲ, ದಾನದ ಮಾತಂತೂ ಇಲ್ಲವೇ ಇಲ್ಲ. ನೀವು ಮಾಡಿದ ತಪ್ಪಿಗೆ ಪರಿಹಾರವೆಂದರೆ ನಾನು ಮತ್ತೆ ಬಂದು ನಿಮಗೆ ಹಣ ಕೊಡುವುದು! ಕೂಪನ್ನಿನ ಕೆಳಗೆ ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆಯೂ ಇತ್ತು. ಕಡಿಮೆ ಕೊಟ್ಟರೆ ಅದರ ಏಟು ಬೀಳುವುದೂ ಆ ಹುಡುಗನಿಗೇ ಎಂದು ತಿಳಿದಿದ್ದರಿಂದ ಒತ್ತದೆ ಬಿಟ್ಟೆ.

ಈಗ ನನ್ನ ಕೋರಿಕೆಗಳು. ಎಲ್ಲಕ್ಕಿಂತ ಮೊದಲನೆಯದು, ಹೇಳಿದ್ದಕ್ಕೆ ವಿರುದ್ಧವಾಗಿ ತಯಾರಾದ ತಿನಿಸನ್ನು ಆ ಕ್ಷಣದಲ್ಲೇ ಬದಲಿಸಿಕೊಡುವ ಅಧಿಕಾರವನ್ನು ಕೌಂಟರಿನಲ್ಲಿರುವವರಿಗೆ ಬರಹದಲ್ಲಿ ಕೊಡಿ. ಅಂಥ ಬ್ರೆಡ್ಡಿಗೆ ಲೆಕ್ಕದಲ್ಲಿ ಬೇರೆ ಕಾಲಂ ಇರಲಿ, ಅದು ಅಂಗಡಿಯ ಖರ್ಚಾಗಲಿ. ಮೋಸವಾಗುತ್ತದೆ ಎಂಬ ಅಂಜಿಕೆ ನಿಮಗಿರಬಹುದು. ಬದಲಿಸಿಕೊಂಡ ಗ್ರಾಹಕರಿಂದ ಒಂದು ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ. ಇದೊಂದನ್ನು ಮಾಡಿದರೂ ನಿಮ್ಮ ಅಂಗಡಿಯ ಮುಕ್ಕಾಲು ಪಾಲು ಜಗಳ ನಿಲ್ಲುತ್ತದೆ ಎಂದು, ಕೌಂಟರಿನ ಆಚೆ ಕುಳಿತು ಅಭ್ಯಾಸವಿರುವ ನಾನು ಹೇಳಬಲ್ಲೆ.

ಜನ ಸೇರುವ ಸಂಜೆಗಳಲ್ಲಿ ಇನ್ನೊಬ್ಬರನ್ನು ನೇಮಿಸಿ. ಅದು ಆಗದಿದ್ದರೆ ಸಾಲು ಬೆಳೆದಾಗ ಆನ್‌ಲೈನ್ ಆರ್ಡರುಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ. ಮನೆಗೆ ತಲುಪಿಸುವ ಆ್ಯಪ್‌ಗಳಲ್ಲಿ ಅಂಗಡಿಯವರಿಗೆ ಆ ಗುಂಡಿ ಇದೆ. ಅದನ್ನು ಒತ್ತುವ ಅನುಮತಿಯೂ ಹುಡುಗನಿಗಿರಲಿ. ಕನ್ನಡದಲ್ಲಿ ಕೇಳುವವರಿಗೆ ಕನ್ನಡದಲ್ಲೇ ಉತ್ತರಿಸಲು ಬಿಡಿ, ಗಾಜಿನ ಮೇಲೆ ತರಕಾರಿಗಳ ಹೆಸರನ್ನು ಕನ್ನಡದಲ್ಲೂ ಅಂಟಿಸಿ. ಸಸ್ಯಾಹಾರಕ್ಕೆ ಬೇರೆ ಚಾಕು, ಬೇರೆ ಹಲಗೆ ಇಡಿ. ಕೇಳಿದವರಿಗೆ ಕಾಗದದ ಬಿಲ್ ಕೊಡಿ. ಮೊಬೈಲ್ ಸಂಖ್ಯೆ ಕೊಡುವುದು ಗ್ರಾಹಕರ ಇಷ್ಟಕ್ಕೆ ಬಿಟ್ಟದ್ದಾಗಲಿ, ದಾನವೂ ಹಾಗೆಯೇ. ಕುಡಿಯುವ ನೀರಿನ ಒಂದು ಡ್ರಮ್ಮು, ಕೆಲಸದವನಿಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕುಳಿತುಕೊಳ್ಳಲು ಒಂದು ಸ್ಟೂಲು. ಅಂಗಡಿಗಳಲ್ಲಿ ನಿಂತೇ ದುಡಿಯುವವರಿಗೆ ಕುಳಿತುಕೊಳ್ಳುವ ಅವಕಾಶ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಂದಿವೆ. ಸ್ಟೂಲು ತರಿಸಲು ನೀವು ನಮ್ಮ ಸರ್ಕಾರದ ಕಾನೂನಿಗಾಗಿ ಕಾಯಬೇಕಾಗಿಲ್ಲ. ಕೊನೆಯದಾಗಿ, ಹೊಣೆ ಹೊತ್ತ ಒಬ್ಬರ ಹೆಸರು ಮತ್ತು ದೂರವಾಣಿ ಸಂಖ್ಯೆ, ಒಂದು ದೂರಿನ ಪುಸ್ತಕ ಅಂಗಡಿಯಲ್ಲಿ ಕಾಣುವಂತಿರಲಿ. ಆ ಹೆಸರು ಕೌಂಟರಿನ ಹುಡುಗನದಾಗಿರಬಾರದು.

ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳೂ ಕಾರ್ಮಿಕ ಇಲಾಖೆಯವರೂ ಇದನ್ನು ಓದಿದರೆ ಒಂದು ಮಾತು: ಇಂಥ ಅಂಗಡಿಗಳ ತಪಾಸಣೆಗೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲವೂ ಫಳಫಳ ಹೊಳೆಯುತ್ತಿರುತ್ತದೆ. ಭಾನುವಾರ ಸಂಜೆ ಏಳಕ್ಕೆ ಸಾಲಿನಲ್ಲಿ ನಿಂತು ನೋಡಿ. ಸಾಲಿನಲ್ಲಿ ನಿಲ್ಲುವ ನನ್ನಂಥವರಿಗೂ ಒಂದು ಬಿನ್ನಹ: ಸಿಟ್ಟು ಬಂದರೆ ದೂರವಾಣಿ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹುಡುಗನನ್ನು ‘ಏಯ್’ ಎನ್ನುವುದರಿಂದ ಮಾಲೀಕರ ನಿದ್ದೆ ಕೆಡುವುದಿಲ್ಲ.

ಮಾಲೀಕರೇ, ಹಣ ವಾಪಸು ಬೇಡ. ಹಾಗೆಂದು ನನಗೆ ದಾರಿಗಳು ತಿಳಿಯದೆಂದೂ ಭಾವಿಸಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿ ಎಂದು ಎಣಿಸಲಾಗಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷಗಳ ಕಾಲಾವಕಾಶವಿದೆ, ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಿವೃತ್ತಳಾದವಳಿಗೆ ಸಮಯಕ್ಕಂತೂ ಬರವಿಲ್ಲ. ಒಂದು ತಿಂಗಳು ಕಾಯುತ್ತೇನೆ. ಅಷ್ಟರೊಳಗೆ ಉತ್ತರ ಕೊಡುವುದಾದರೆ ಕೂಪನ್ನಿನ ಜೊತೆ ಕಳುಹಿಸಬೇಡಿ. ಏನೇನು ಬದಲಾಯಿಸುತ್ತೀರಿ, ಏನನ್ನು ಬದಲಾಯಿಸಲಾರಿರಿ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ, ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿ. ಆ ದಿನ ಬಂದು ಓದಿಕೊಂಡು, ನನ್ನ ಗೆಳತಿಯನ್ನೂ ಕರೆದುಕೊಂಡು ಒಳಗೆ ಬರುತ್ತೇನೆ, ಪೂರ್ತಿ ಬೆಲೆ ಕೊಟ್ಟೇ ತಿನ್ನುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಅಂಚೆ ಇಲಾಖೆಯ ಒಬ್ಬ ನಿವೃತ್ತ ನೌಕರಳು,
ಮೈಸೂರು